ಹತ್ತು ಸಲ ಜಾಲಿಸಿದ ಬಾಟಲಿ

ಯೋಗ್ಯಕರ್ತಾ
6 ಜನವರಿ 2025

ಗೌರವಾನ್ವಿತ ಬು ಸುಮಾರ್ನಿ ಅವರಿಗೆ,

ಅಸ್ಸಲಾಮು ಅಲೈಕುಮ್.

ನನ್ನ ಹೆಸರು ಪಲುಪಿ. ನೀವು ಇಪ್ಪತ್ತನಾಲ್ಕು ವರ್ಷ ಗಾಜು ತೊಳೆದ ಡೆಂಗಿ ಸಂಶೋಧನಾಲಯದಲ್ಲಿ ಈಗ ನಾನು ಲ್ಯಾಬಿನ ಮೇಲ್ವಿಚಾರಕಿ. ನಿಮ್ಮನ್ನು ನೋಡಿಲ್ಲ, ನಿಮ್ಮ ಅಕ್ಷರ ನೋಡಿದ್ದೇನೆ. ಹಳೆಯ ತೊಳೆಯುವ ಕೋಣೆ ಈಗ ರಟ್ಟಿನ ಪೆಟ್ಟಿಗೆಗಳ ಉಗ್ರಾಣ. ಅಲ್ಲಿನ ಬೀರುವಿನ ಬಾಗಿಲ ಒಳಮೈಯಲ್ಲಿ ಒಂದು ಚೀಟಿ ಅಂಟಿದೆ: "ಕೈಗೆ ಎಣ್ಣೆ ಹಚ್ಚಿಕೊಂಡವರು ಬಾಟಲಿ ಮುಟ್ಟಬಾರದು. ಸುಮಾರ್ನಿ." ಅದೇ ಬೀರುವಿನಲ್ಲಿ ಇನ್ನೂರು ಗಾಜಿನ ಬಾಟಲಿಗಳು 2004ರ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿಕೊಂಡು ಕೂತಿವೆ. ಒಂದಕ್ಕೂ ಬಿರುಕಿಲ್ಲ.

ಈಗ ನಾವು ಜೀವಕೋಶ ಬೆಳೆಸುವುದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಒಂದು ಸಲ ಬಳಸಿ ಹಳದಿ ಚೀಲಕ್ಕೆ. ದಿನಕ್ಕೆ ಮೂರು ಚೀಲ ತುಂಬುತ್ತದೆ, ಲಾರಿಯವರು ಬಂದು ಒಯ್ದು ಸುಡುತ್ತಾರೆ. ಜ್ವರ ಓಡಿಸಲು ಹೊರಟವರು ಊರಿಗೆ ಹೊಗೆ ಹಾಕುತ್ತಿದ್ದೇವೆ ಅಂತ ನನಗೆ ನಾಚಿಕೆಯಾಗುತ್ತದೆ. ಹೋದ ವರ್ಷ ಅತಿಶೀತದ ಫ್ರೀಜರ್‌ಗಳನ್ನು ಮೈನಸ್ ಎಂಬತ್ತರಿಂದ ಎಪ್ಪತ್ತಕ್ಕೆ ತಂದೆ. ಒಳಗಿನ ಮಾದರಿಗಳಿಗೆ ಏನೂ ಆಗಲಿಲ್ಲ, ಅವುಗಳ ಕರೆಂಟಿನಲ್ಲಿ ಮಾತ್ರ ಸುಮಾರು ಕಾಲು ಭಾಗ ಉಳಿತಾಯವಾಯಿತು. ಆ ಧೈರ್ಯದ ಮೇಲೆ ಗಾಜಿನ ಮಾತೆತ್ತಿದೆ. ನಿರ್ದೇಶಕರು, "ಏಪ್ರಿಲ್ ಮುಗಿಯೋದ್ರೊಳಗೆ ಗಾಜಿನಲ್ಲೂ ಪ್ಲಾಸ್ಟಿಕ್ಕಿನಷ್ಟೇ ಚೆನ್ನಾಗಿ ಕೋಶ ಬೆಳೆಸಿ ತೋರ್ಸಿ. ಆಗ್ಲಿಲ್ಲ ಅಂದ್ರೆ ಈ ಮಾತು ಮತ್ತೆ ಎತ್ಬೇಡಿ" ಅಂದರು.

ಬು, ಗಾಜು ತೊಳೆಯಲು ಬರುವವರು ಇಲ್ಲಿ ಈಗ ಒಬ್ಬರೂ ಇಲ್ಲ. ಬು ಅಂದರೆ ಅಮ್ಮನೇ ಅಲ್ಲವೇ, ದಯವಿಟ್ಟು ಕಲಿಸಿಕೊಡಿ. ಬಟ್ಟೆ ವ್ಯಾಪಾರದ ಹಿರಿಯರು ಪಾಕ್ ಸರ್ಮಿದಿ ಹದಿನೈದು ದಿನಕ್ಕೊಮ್ಮೆ ನಿಮ್ಮೂರಿನಿಂದ ಇಲ್ಲಿನ ಮಾರುಕಟ್ಟೆಗೆ ವ್ಯಾನು ತರುತ್ತಾರಂತೆ. ಈ ಪತ್ರ ಅವರ ಕೈಯಲ್ಲೇ ಕೊಡುತ್ತಿದ್ದೇನೆ.

ಗೌರವಗಳೊಂದಿಗೆ,
ಪಲುಪಿ


ಕೆರೆಕ್, ತುಬಾನ್
15 ಜನವರಿ 2025

ಡಾಕ್ಟರ್ ಪಲುಪಿ ಅವರಿಗೆ,

ವಾಲೈಕುಮ್ ಸಲಾಂ. ಪತ್ರ ತಲುಪಿತು. ನನಗೆ ಒಂದು ಕಿವಿ ಕೇಳುವುದಿಲ್ಲ, ಆದ್ದರಿಂದ ಫೋನು ಬೇಡ. ಮೊಮ್ಮಗಳ ಫೋನಿಗೆ ಬರೆದರೆ ನನಗಿಂತ ಮೊದಲು ಇಡೀ ಬೀದಿ ಓದಿರುತ್ತದೆ. ಹೀಗೇ ಬರೆಯಿರಿ.

ನೀವು ಕೇಳಿದ್ದನ್ನು ಹೇಳುತ್ತೇನೆ. ಬಾಟಲಿ ಒಣಗಲು ಬಿಡಬಾರದು, ಕೆಲಸ ಮುಗಿದ ಕೂಡಲೇ ನೀರು ತುಂಬಿಡಿ. ರೋಗದ ಬಾಟಲಿಯಾದರೆ ಹಬೆಯಲ್ಲಿ ಬೇಯಿಸಿದ ಮೇಲೆಯೇ ತೊಳೆಯುವ ಕೋಣೆಗೆ ಬರಬೇಕು. ಲ್ಯಾಬಿನ ಸೋಪು ಒಂದು ಬಕೆಟ್ಟಿಗೆ ಒಂದೇ ಚಮಚ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಅನ್ನುವುದು ಸೊಸೆಯಂದಿರ ನಂಬಿಕೆ. ಬ್ರಷ್ಷಿನ ಕೂದಲು ಬಾಗಿದ ದಿನವೇ ಬಿಸಾಕಿ. ನಲ್ಲಿ ನೀರಿನಲ್ಲಿ ಏಳು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ. ಲೆಕ್ಕ ತಪ್ಪಿದರೆ ಮೊದಲಿಂದ ಶುರು. ಕೊನೆಗೆ ಬೆಳಕಿಗೆ ಹಿಡಿದು ನೋಡಿ. ನೀರು ಒಂದೇ ಹಾಳೆಯಾಗಿ ಜಾರಬೇಕು. ಎಲ್ಲಿಯಾದರೂ ಮಣಿಮಣಿಯಾಗಿ ನಿಂತರೆ ಅಲ್ಲಿ ಜಿಡ್ಡಿದೆ. ಬಟ್ಟೆಯಿಂದ ಒರೆಸಬೇಡಿ, ಓವನ್ನಿನಲ್ಲೇ ಒಣಗಿಸಿ.

ನನ್ನದೊಂದು ಕೇಳಿಕೆ ಇದೆ. ಇದನ್ನು ಹೇಳಿಕೊಟ್ಟವರು ಯಾರು ಅಂತ ಅಲ್ಲಿ ಯಾರಿಗೂ ಹೇಳಬೇಡಿ. ಕೋಶ ಬೆಳೆದರೂ ಬೇಡ, ಬೆಳೆಯದಿದ್ದರೆ ಮೊದಲೇ ಬೇಡ.

ಸುಮಾರ್ನಿ


ಯೋಗ್ಯಕರ್ತಾ
27 ಜನವರಿ 2025

ಪ್ರೀತಿಯ ಬು ಸುಮಾರ್ನಿ,

ನಿಮ್ಮ ಪತ್ರ ಬಂದ ದಿನ ನಮ್ಮಲ್ಲಿ ಹಬ್ಬವೇ. ಉಗ್ರಾಣ ಖಾಲಿ ಮಾಡಿ, ಹಳೆಯ ತೊಟ್ಟಿ ಉಜ್ಜಿ, ನಲ್ಲಿ ಬದಲಿಸಿದೆವು. ತೊಳೆಯಲು ಇಬ್ಬರಿದ್ದಾರೆ. ವಿನಾರ್ತಿ ಮೊದಲು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದವಳು, ಎಂದಾ ಕಸ ವಿಂಗಡಿಸುತ್ತಿದ್ದವಳು. ಇಬ್ಬರೂ ನಲವತ್ತು ದಾಟಿದವರು, ಬಾಯಿ ಮಾತ್ರ ಹದಿನಾರರದ್ದು.

ಮೊದಲ ದಿನ ವಿನಾರ್ತಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಡಾಕ್ಟ್ರೇ, ಹಾಳೆ ಥರ ಜಾರ್ತಾ ಇದೆ" ಅಂದಳು. ಎಂದಾ ಇಣುಕಿ, "ಹಾಳೆನೂ ಇಲ್ಲ ಮಣ್ಣೂ ಇಲ್ಲ. ನಿನ್ನ ಕನ್ನಡಕ ಮೊದ್ಲು ತೊಳಿ" ಅಂದಳು. ಹನ್ನೊಂದು ಬಾಟಲಿಗೆ ಅರ್ಧ ದಿನ ಹಿಡಿಯಿತು. ನಿನ್ನೆ ಅರವತ್ತು ಮುಗಿಸಿದರು. ಮೊದಲ ಸುತ್ತಿನ ಕೋಶಗಳು ಗಾಜಿಗೆ ಅಂಟಿ ಹರಡುತ್ತಿವೆ. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನಿಮ್ಮನ್ನು ನೆನೆದೆ.

ನಿಮ್ಮ ಹೆಸರು ಹೇಳಿಲ್ಲ. ಆದರೆ ಚೀಟಿ ಬೀರುವಿನ ಬಾಗಿಲಲ್ಲೇ ಇದೆಯಲ್ಲ. ಅವರಿಬ್ಬರೂ ಕೆಲಸ ಶುರುಮಾಡುವ ಮೊದಲು "ಬಿಸ್ಮಿಲ್ಲಾ, ಬು ಸುಮಾರ್ನಿ ಅಪ್ಪಣೆ" ಅನ್ನುತ್ತಾರೆ. ಅದನ್ನು ನಾನು ಹೇಗೆ ತಡೆಯಲಿ?

ನಿಮಗೆ ಋಣಿ,
ಪಲುಪಿ


ಕೆರೆಕ್
5 ಫೆಬ್ರವರಿ 2025

ನಾಕ್ ಪಲುಪಿ,

ಮಗಳೇ ಅಂತ ಕರೆದರೆ ಡಾಕ್ಟರಿಗೆ ಬೇಸರವಿಲ್ಲವಷ್ಟೆ. ನನ್ನ ಕಿರಿಯವಳಿಗೂ ನಿನ್ನ ವಯಸ್ಸೇ ಇರಬೇಕು. ಅವಳು ನನ್ನನ್ನು ಏನೂ ಕೇಳುವುದಿಲ್ಲ, ಎಲ್ಲಾ ಅವಳಿಗೇ ಗೊತ್ತು.

ನಿನ್ನ ಪತ್ರ ಎರಡು ಸಲ ಓದಿದೆ. ಕೋಶ ಹರಡುತ್ತಿವೆ ಅಂದ ಸಾಲು ಮೂರು ಸಲ. ಆ ಇಬ್ಬರಿಗೂ ಹೇಳು, ಅರವತ್ತು ಬಾಟಲಿ ಆದ ಮೇಲೆ ಸೊಂಟ ನೋಯುತ್ತದೆ, ತೊಟ್ಟಿಯ ಮುಂದೆ ಒಂದು ಹಲಗೆ ಹಾಕಿಕೊಂಡು ನಿಲ್ಲಲಿ. ನಾನು ಎಂಬತ್ತು ತೊಳೆಯುತ್ತಿದ್ದೆ. ಜಂಬ ಅಂತ ತಿಳಿಯಬೇಡ. ಅಥವಾ ತಿಳಿದುಕೋ, ಜಂಬವೇ.

ಸರ್ಮಿದಿಯ ಕೈಲಿ ಸೊಂಟಕ್ಕೆ ಸುತ್ತುವ ಮೂರು ಬಾತಿಕ್ ಬಟ್ಟೆ ಕಳಿಸಿದ್ದೇನೆ, ಹತ್ತಿಯಿಂದ ಹಿಡಿದು ಬಣ್ಣದವರೆಗೆ ನಮ್ಮೂರಿನದೇ. ನೀಲಿ ನಿನಗೆ, ಕಂದು ಎರಡು ಅವರಿಗೆ. ಜೊತೆಗೆ ಮೂರು ಚೀಲ ಅಂಟುವಾಳವಿದೆ. ಈ ಬಟ್ಟೆಗೆ ಸೋಪಿನ ಪುಡಿ ಹಾಕಿದರೆ ಬಣ್ಣ ಓಡಿಹೋಗುತ್ತದೆ. ಅಂಟುವಾಳ ನೆನೆಸಿ, ಹಿಸುಕಿ, ಆ ನೊರೆಯಲ್ಲಿ ಒಗೆಯಿರಿ.

ಸುಮಾರ್ನಿ


ಯೋಗ್ಯಕರ್ತಾ
17 ಫೆಬ್ರವರಿ 2025

ಪ್ರೀತಿಯ ಬು,

ನೀಲಿ ಬಟ್ಟೆ ಉಟ್ಟುಕೊಂಡೇ ಬರೆಯುತ್ತಿದ್ದೇನೆ. ವಿನಾರ್ತಿ ತನ್ನದನ್ನು ಹಬ್ಬಕ್ಕೆ ಅಂತ ಮಡಚಿಟ್ಟಳು. ಎಂದಾ ಆ ದಿನವೇ ಸುತ್ತಿಕೊಂಡು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದಳು.

ನಿಮ್ಮ ಅಂಟುವಾಳಕ್ಕೆ ಒಂದು ದೊಡ್ಡ ಕೆಲಸ ಕೊಟ್ಟಿದ್ದೇವೆ. ಏನು ಅಂತ ಈಗ ಹೇಳುವುದಿಲ್ಲ. ಫಲ ಬಂದ ಮೇಲೆ ಫೋಟೋ ಸಮೇತ ಕಳಿಸುತ್ತೇನೆ, ನೋಡಿ ನೀವೇ ಹೆಮ್ಮೆಪಡುತ್ತೀರಿ. ನೀರನ್ನೂ ಉಳಿಸುತ್ತಿದ್ದೇವೆ. ಹೋದ ವಾರ ಜಕಾರ್ತಾದಿಂದ ಬಂದಿದ್ದವರು ನಮ್ಮ ತೊಳೆಯುವ ಕೋಣೆಯ ಫೋಟೋ ತೆಗೆದುಕೊಂಡು ಹೋದರು.

ನಿಮ್ಮ ಪಲುಪಿ


ಯೋಗ್ಯಕರ್ತಾ
10 ಮಾರ್ಚ್ 2025

ಗೌರವಾನ್ವಿತ ಬು ಸುಮಾರ್ನಿ,

ಉಪವಾಸದ ತಿಂಗಳು ನಿಮಗೆ ಸುಖವಾಗಿ ಸಾಗುತ್ತಿದೆ ಅಂತ ನಂಬಿದ್ದೇನೆ. ತುಂಬಾ ಧನ್ಯವಾದಗಳು. ನೀವು ಕಲಿಸಿದ್ದಕ್ಕೆ ನಾವೆಲ್ಲರೂ ಕೃತಜ್ಞರು. ನಿಮ್ಮ ಅನುಭವದಿಂದ ನಮಗೆ ಬಹಳ ಉಪಕಾರವಾಗಿದೆ, ಅದಕ್ಕೂ ಧನ್ಯವಾದ. ಬಟ್ಟೆಗಳಿಗಾಗಿ ಇನ್ನೊಮ್ಮೆ ಧನ್ಯವಾದ. ವಿನಾರ್ತಿ, ಎಂದಾ ಕೂಡ ಧನ್ಯವಾದ ತಿಳಿಸಿದ್ದಾರೆ. ಇಲ್ಲಿ ಎಲ್ಲಾ ಚೆನ್ನಾಗಿದೆ. ನೀವು ಇನ್ನು ಮುಂದೆ ತೊಂದರೆ ತೆಗೆದುಕೊಳ್ಳುವುದು ಬೇಡ.

ಗೌರವಪೂರ್ವಕ ಧನ್ಯವಾದಗಳೊಂದಿಗೆ,
ಪಲುಪಿ


ಕೆರೆಕ್
18 ಮಾರ್ಚ್ 2025

ನಾಕ್ ಪಲುಪಿ,

ಹತ್ತು ಸಾಲಿಲ್ಲದ ಕಾಗದದಲ್ಲಿ ಐದು ಧನ್ಯವಾದ ಎಣಿಸಿದೆ, ಕೃತಜ್ಞತೆ ಬೇರೆ. ಅತಿ ವಿನಯ ಧೂರ್ತ ಲಕ್ಷಣ ಅನ್ನುತ್ತಾರೆ. ನೀನು ಧೂರ್ತೆಯಲ್ಲ, ಅದು ನನಗೆ ಗೊತ್ತು. ಆದ್ದರಿಂದ ನೇರವಾಗಿ ಕೇಳುತ್ತೇನೆ. ಕೋಶ ಸತ್ತವಾ?

ನಮ್ಮವರು ಯಾವಾಗ ಇಷ್ಟು ಧನ್ಯವಾದ ಹೇಳುತ್ತಾರೆ ಅಂತ ನಾನು ಕಲಿತದ್ದು ನಿಮ್ಮ ಸಂಸ್ಥೆಯಲ್ಲೇ. 2004ರಲ್ಲಿ ಎರಡು ತಿಂಗಳು ಕೋಶಗಳು ಸತ್ತವು. ಇವತ್ತು ಹಾಕಿದರೆ ನಾಳಿದ್ದು ದುಂಡಗಾಗಿ ಮೇಲೆ ತೇಲುತ್ತಿದ್ದವು. ಬಟ್ಟಿ ಇಳಿಸಿದ ನೀರಿನಲ್ಲಿ ನಾನು ಮೂರರ ಬದಲು ಹತ್ತು ಸಲ ಜಾಲಿಸಿದೆ, ಹದಿನೈದು ಸಲ ಜಾಲಿಸಿದೆ. ಬೆರಳ ಸಂದು ಒಡೆದು ರಕ್ತ ಬಂತು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಆದರೆ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಆಮೇಲೆ ಒಂದು ದಿನ, ಇನ್ನು ಮುಂದೆ ಪ್ಲಾಸ್ಟಿಕ್ ಬರುತ್ತದೆ, ತೊಳೆಯುವ ಕೋಣೆ ಮುಚ್ಚುತ್ತೇವೆ ಅಂದರು. ಬೀಳ್ಕೊಡುಗೆಗೆ ಹಳದಿ ಅನ್ನದ ಗೋಪುರ ಮಾಡಿಸಿ, ತುದಿ ಕತ್ತರಿಸಿ ಮೊದಲ ತುತ್ತು ನನಗೆ ಕೊಟ್ಟರು. ಪ್ರೊಫೆಸರ್ ವಿರ್ಯೋನೊ ಭಾಷಣದಲ್ಲಿ ಏಳು ಸಲ ಧನ್ಯವಾದ ಹೇಳಿದರು. ನಾನು ಆ ಅನ್ನ ನುಂಗಿದೆ. ಹೇಗೆ ನುಂಗಿದೆ ಅಂತ ದೇವರಿಗೇ ಗೊತ್ತು.

ಬಾಟಲಿಗಳನ್ನು ಪತ್ರಿಕೆಯಲ್ಲಿ ಸುತ್ತಿಟ್ಟವಳು ನಾನೇ. ಇಪ್ಪತ್ತೊಂದು ವರ್ಷದಿಂದ ನನಗೆ ಗೊತ್ತಿಲ್ಲದ ಸಂಗತಿ ಒಂದೇ, ಅದು ನನ್ನ ಕೈಯಿಂದಲೇ ಆಯಿತೇ ಅನ್ನುವುದು. ಈಗ ನಿನ್ನಲ್ಲೂ ಸತ್ತಿದ್ದರೆ ಉತ್ತರ ಸಿಕ್ಕಿದಂತೆಯೇ. ಸಿಕ್ಕಲಿ ಬಿಡು. ಬೈದರೂ ಪರವಾಗಿಲ್ಲ ಮಗಳೇ, ಧನ್ಯವಾದ ಮಾತ್ರ ಬೇಡ.

ಸುಮಾರ್ನಿ


ಯೋಗ್ಯಕರ್ತಾ
24 ಮಾರ್ಚ್ 2025

ಬು,

ನಿಮ್ಮ ಪತ್ರ ಓದಿ ತೊಳೆಯುವ ಕೋಣೆಯಲ್ಲೇ ಕೂತು ಅತ್ತೆ. ವಿನಾರ್ತಿ ಗಾಬರಿಯಾಗಿ ನೀರು ತಂದುಕೊಟ್ಟು, ಉಪವಾಸ ಅಂತ ನೆನಪಾಗಿ ವಾಪಸ್ಸು ತೆಗೆದುಕೊಂಡು ಹೋದಳು.

ಹೌದು, ಸತ್ತವು. ಫೆಬ್ರವರಿ ಹದಿನೆಂಟರಿಂದ ಮೂರು ವಾರ, ಗಾಜಿನಲ್ಲಿ ಹಾಕಿದ್ದೆಲ್ಲಾ. ಆದರೆ ನಿಮ್ಮ ಕೈಯಿಂದಲ್ಲ, ನೀವು ಹೇಳಿದ ರೀತಿಯಿಂದಲೂ ಅಲ್ಲ. ನೀವು ಹೇಳಿದ್ದನ್ನು ನಾನು ಕೆಡಿಸಿದೆ. ಅಂಟುವಾಳ ಬಟ್ಟೆಗೆ ಅಂತ ನೀವು ಸ್ಪಷ್ಟವಾಗಿಯೇ ಬರೆದಿದ್ದಿರಿ. ಅದನ್ನು ನೋಡಿ ನನಗೆ ತಲೆ ತಿರುಗಿತು. ಕಾರ್ಖಾನೆಯ ಸೋಪು ಯಾಕೆ, ಮರದಿಂದ ಬಿದ್ದ ಕಾಯಿ ಇದೆಯಲ್ಲ, ಅದೂ ಬು ಸುಮಾರ್ನಿ ಕಳಿಸಿದ್ದು ಅಂದೆ. ಹಿರಿಯರು ಕೊಟ್ಟದ್ದು ಅಂದ ಮೇಲೆ ಯಾರು ಬೇಡ ಅಂತಾರೆ? ಎಂದಾಳಿಗೆ ಅನುಮಾನವಿತ್ತಂತೆ, ಹೇಳಲು ಸಂಕೋಚವಾಯಿತಂತೆ. ಬಾಟಲಿಗಳನ್ನೆಲ್ಲ ಅಂಟುವಾಳದ ನೀರಿನಲ್ಲಿ ತೊಳೆಸಿದೆ. ಸಾಲದ್ದಕ್ಕೆ ನೀರು ಉಳಿಸುವ ಹುರುಪಿನಲ್ಲಿ ನಿಮ್ಮ ಹತ್ತು ಜಾಲಾಟವನ್ನು ನಾಲ್ಕಕ್ಕೆ ಇಳಿಸಿದೆ. ಗೋಡೆಗೆ "ನಮ್ಮ ನೆಲದ ಅಂಟುವಾಳ, ನಮ್ಮ ಲ್ಯಾಬಿನ ಹೆಮ್ಮೆ" ಅಂತ ಬೋರ್ಡು ಬೇರೆ.

ನಾನು ಓದಿದ್ದು ಏನಕ್ಕೆ ಅಂತ ಕೇಳಿ. ಅಂಟುವಾಳದಲ್ಲಿ ನೊರೆ ಬರಿಸುವ ಸತ್ವ ಇದೆಯಲ್ಲ, ಅಂಥದ್ದನ್ನೇ ಪುಡಿಯಾಗಿ ಪರದೇಶದಿಂದ ತರಿಸುತ್ತೇವೆ. ಜೀವಕೋಶದ ಪೊರೆಯಲ್ಲಿ ತೂತು ಕೊರೆಯಲು. ಆ ಶೀಶೆ ನನ್ನ ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ, ನಾನೇ ಬರೆದ ಚೀಟಿ ಹೊತ್ತು ನಿಂತಿದೆ. ಮಾಡಿದ್ದುಣ್ಣೋ ಮಹರಾಯ ಅಂತ ಅದೇ ನನ್ನನ್ನು ನೋಡಿ ಅನ್ನುತ್ತಿರಬೇಕು.

ನಿಮಗೆ ಯಾಕೆ ಹೇಳಲಿಲ್ಲ ಅಂದರೆ, ನೀವು ಪ್ರೀತಿಯಿಂದ ಕಳಿಸಿದ್ದೇ ಕೋಶಗಳನ್ನು ಕೊಂದಿತು ಅಂತ ಗೊತ್ತಾದರೆ ನಿಮಗೆ ನೋವಾಗುತ್ತದೆ ಅಂದುಕೊಂಡೆ. ನನ್ನ ಆ ಧನ್ಯವಾದಗಳು ನಿಮಗೆ ಎಲ್ಲಿ ತಗಲುತ್ತವೆ ಅಂತ ತಿಳಿದಿರಲಿಲ್ಲ. ಕ್ಷಮಿಸಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ವರದಿಯಲ್ಲಿ ನಾನು ಬರೆದಿರುವುದು "ಕಾರಣ ತಿಳಿದಿಲ್ಲ" ಅಂತ. ನಿರ್ದೇಶಕರು ಗಾಜೇ ಸರಿಯಿಲ್ಲ ಅಂದುಕೊಂಡಿದ್ದಾರೆ. ಹಬ್ಬದ ರಜೆ ಮುಗಿದ ಮೇಲೆ ಕೋಣೆ ಮುಚ್ಚುವ ಮಾತಾಡುತ್ತಿದ್ದಾರೆ.

ಪಲುಪಿ


ಕೆರೆಕ್
5 ಏಪ್ರಿಲ್ 2025

ನಾಕ್ ಪಲುಪಿ,

ಹಬ್ಬ ಆಯಿತು. ಎಲ್ಲರೂ ಬಂದು ಕೈ ಹಿಡಿದು, "ಮನಸ್ಸಿನಿಂದ, ಮೈಯಿಂದ ಆದ ತಪ್ಪೆಲ್ಲಾ ಕ್ಷಮಿಸಿ" ಅಂದು ಕೇಕು ತಿಂದು ಹೋದರು. ಯಾವ ತಪ್ಪು ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅದೇ ನಮ್ಮ ಪದ್ಧತಿ. ಈ ಅರವತ್ತೆಂಟು ವರ್ಷದಲ್ಲಿ ಇಂಥದ್ದು ಮಾಡಿದೆ ಅಂತ ಹೆಸರು ಹೇಳಿ ಕ್ಷಮೆ ಕೇಳಿದವಳು ನೀನೊಬ್ಬಳೇ. ಅದು ನನಗೆ ಎಷ್ಟು ಹಗುರ ಮಾಡಿತು ಅಂತ ನಿನಗೆ ತಿಳಿಯಲಿಕ್ಕಿಲ್ಲ.

ಈಗ ಬೈಗುಳ. ಅಂಟುವಾಳದ ನೀರು ಗದ್ದೆಯ ಕಾಲುವೆಗೆ ಹೋದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಬಟ್ಟೆ ಒಗೆಯುವ ಪ್ರತಿಯೊಬ್ಬ ಹೆಂಗಸಿಗೂ ಇದು ಗೊತ್ತು. ಒಬ್ಬ ಡಾಕ್ಟರಿಗೆ ಗೊತ್ತಿಲ್ಲ. ದೊಡ್ಡ ಕೆಲಸ ಅಂದಾಗ ನೀವೆಲ್ಲ ಸೇರಿ ಕಿಟಕಿಯ ಪರದೆ ಒಗೆಯುತ್ತಿದ್ದೀರಿ ಅಂತ ನಾನು ಖುಷಿಯಾಗಿದ್ದೆ. ಮರದಿಂದ ಬಿದ್ದದ್ದೆಲ್ಲಾ ಒಳ್ಳೆಯದು ಅಂದುಕೊಳ್ಳಬೇಡ ಮಗಳೇ, ಮರದಿಂದ ಹಾವೂ ಬೀಳುತ್ತದೆ. ಮೊಮ್ಮಗಳಿಗೆ ಓದಿ ಹೇಳಿದೆ. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು, ನನಗೂ.

ಕೆಲಸ ಹೇಳುತ್ತೇನೆ. ಮುಚ್ಚಳದ ರಬ್ಬರುಗಳನ್ನೆಲ್ಲ ಎಸೆ, ಅವು ನೊರೆ ಕುಡಿದಿರುತ್ತವೆ. ಬಾಟಲಿಗಳನ್ನು ಲ್ಯಾಬಿನ ಸೋಪಿನಲ್ಲಿ ಎರಡು ಸಲ ಕುದಿಸಿ, ಹತ್ತು ಸಲ ಜಾಲಿಸು. ನೀರು ಉಳಿಸುವುದಿದ್ದರೆ ಕೊನೆಯ ಮೂರು ಜಾಲಾಟದ ನೀರನ್ನು ಹಿಡಿದಿಟ್ಟು ಮುಂದಿನ ಬಾಟಲಿಯ ಮೊದಲ ಜಾಲಾಟಕ್ಕೆ ಬಳಸು. ನಾವು ಬೇಸಿಗೆಯಲ್ಲಿ ಹಾಗೇ ಮಾಡುತ್ತಿದ್ದೆವು. ಅದಕ್ಕೂ ಮೊದಲು ನಿನ್ನ ನಿರ್ದೇಶಕರ ಹತ್ತಿರ ಹೋಗಿ ನನಗೆ ಹೇಳಿದ್ದನ್ನೇ ಹೇಳು. ತಪ್ಪಿಲ್ಲದ ಗಾಜಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡ.

ಇನ್ನೊಂದು ಕೇಳಲೋ ಬೇಡವೋ ಅಂತ ಹಬ್ಬದುದ್ದಕ್ಕೂ ಯೋಚಿಸಿದೆ. ನಿನ್ನಲ್ಲಿ ಹಳೆಯ ದಾಖಲೆ ಪುಸ್ತಕಗಳಿದ್ದರೆ 2004 ತೆಗೆದು ನೋಡು. ನನ್ನಿಂದಲೇ ಆಗಿದ್ದರೆ ಹಾಗೇ ಬರೆ.

ಸುಮಾರ್ನಿ


ಯೋಗ್ಯಕರ್ತಾ
30 ಏಪ್ರಿಲ್ 2025

ಪ್ರೀತಿಯ ಬು,

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ನಿಮ್ಮಿಂದ ಆಗಿರಲಿಲ್ಲ.

ದಾಖಲೆ ಪುಸ್ತಕ ನೆಲಮಾಳಿಗೆಯಲ್ಲಿತ್ತು. ನೀವು ಹೊರಟದ್ದು ಆಗಸ್ಟ್ ಆರಕ್ಕೆ. ಮರುದಿನದಿಂದಲೇ ಹೊಸ ಪ್ಲಾಸ್ಟಿಕ್ ಬಾಟಲಿ ಬಂದಿದೆ. ಅವುಗಳಲ್ಲೂ ಕೋಶ ಸತ್ತಿವೆ. ಹದಿನೆಂಟು ದಿನ, ಪ್ರತಿದಿನ. ಆಮೇಲೆ ಆಗಸ್ಟ್ ಇಪ್ಪತ್ತೈದರ ಪುಟದಲ್ಲಿ ಹೀಗಿದೆ, ಇದ್ದಂತೆಯೇ ನಕಲು ಮಾಡುತ್ತೇನೆ: "ನೀರು ಬಟ್ಟಿ ಇಳಿಸುವ ಯಂತ್ರವನ್ನು ಮೇ ತಿಂಗಳಲ್ಲಿ ದುರಸ್ತಿ ಮಾಡಿದವರು ತಾಮ್ರದ ಕೊಳವೆ ಜೋಡಿಸಿದ್ದಾರೆ. ನೀರಿನಲ್ಲಿ ತಾಮ್ರ. ಕೊಳವೆ ಬದಲಿಸಲಾಯಿತು." ಮುಂದಿನ ವಾರದ ಪುಟ: "ಕೋಶಗಳು ಚೆನ್ನಾಗಿವೆ." ಕೋಶಗಳ ಆಹಾರ ಕಲಸುತ್ತಿದ್ದದ್ದೂ ಅದೇ ನೀರಿನಲ್ಲಿ. ನೀವು ಹೆಚ್ಚು ಹೆಚ್ಚು ಜಾಲಿಸಿದಷ್ಟೂ ತಾಮ್ರದ ನೀರಿನಲ್ಲೇ ಜಾಲಿಸುತ್ತಿದ್ದಿರಿ ಬು.

ಅಕ್ಷರ ಪ್ರೊಫೆಸರ್ ವಿರ್ಯೋನೊ ಅವರದ್ದು. ನನ್ನ ಪಿಎಚ್‌ಡಿಗೆ ಅವರೇ ಗುರು. ಅವರ ಮುಂದೆ ನಾನು ಇವತ್ತಿನವರೆಗೆ ತಲೆಯೆತ್ತಿ ಮಾತಾಡಿದವಳಲ್ಲ. ಪುಸ್ತಕ ಹಿಡಿದುಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಪಂಜರದ ಹಕ್ಕಿಗೆ ಕಾಳು ಹಾಕುತ್ತಿದ್ದರು.

"ಪಾಕ್, ಇದು ನಿಮ್ಮ ಅಕ್ಷರ ಅಲ್ವಾ?"

ಬಹಳ ಹೊತ್ತು ಓದಿದರು. "ಹೌದಮ್ಮ."

"ಬು ಸುಮಾರ್ನಿಗೆ ಹೇಳಿದ್ರಾ?"

"ಹೇಗೆ ಹೇಳೋದು? ಅಷ್ಟೊತ್ತಿಗೆ ಅವ್ರು ಊರಿಗೆ ಹೊರಟುಹೋಗಿದ್ರು. ಅವರಿಂದ ತಪ್ಪಾಯ್ತು ಅಂತ ನಾವ್ಯಾರೂ ಬಾಯಿಬಿಟ್ಟು ಅಂದೇ ಇರ್ಲಿಲ್ಲ. ಅನ್ನದೇ ಇರೋ ಮಾತನ್ನ ವಾಪಸ್ ತಗೊಳ್ಳೋದು ಹೇಗೆ, ನೀನೇ ಹೇಳು."

"ನೀವು ಅನ್ನದೇ ಇದ್ರೂ ಅವರಿಗೆ ಕೇಳಿಸಿತ್ತು ಪಾಕ್. ಇಪ್ಪತ್ತೊಂದು ವರ್ಷದಿಂದ ಕೇಳಿಸ್ತಾನೇ ಇದೆ."

ಕಾಳಿನ ಡಬ್ಬಿ ಮುಚ್ಚಿ, "ಒಂದು ಮೂಟೆ ಅಕ್ಕಿ, ಸಕ್ಕರೆ ಕಳಿಸ್ಲಾ? ನೀನು ಹೋಗುವಾಗ ಕೊಟ್ಟುಬಿಡು" ಅಂದರು.

"ಅಕ್ಕಿ ಬೇಡ. ನಾಲ್ಕು ಸಾಲು ಬರೀರಿ. ನಿಮ್ಮ ಕೈಯಾರೆ."

ನಾನೇ ಹಾಗಂದೆನಾ ಅಂತ ನನಗೂ ಆಶ್ಚರ್ಯ. ಅವರು ಒಳಗೆ ಹೋದರು, ಅರ್ಧ ಗಂಟೆ ಬರಲಿಲ್ಲ. ಬರೆದುಕೊಟ್ಟ ಲಕೋಟೆ ಇದರ ಜೊತೆಗಿದೆ. ಒಳಗೇನಿದೆ ಅಂತ ನಾನು ನೋಡಿಲ್ಲ.

ಇನ್ನು ಕೋಣೆಯ ಸುದ್ದಿ. ನಿರ್ದೇಶಕರಿಗೆ ಎಲ್ಲಾ ಹೇಳಿದೆ. ಆ ಬೋರ್ಡಿನ ಕೆಳಗೇ ನಿಂತು ಹೇಳಬೇಕಾಯಿತು. ಅವರು ಮೊದಲು ಬೋರ್ಡು ನೋಡಿದರು, ಆಮೇಲೆ ನನ್ನನ್ನು. "ಇಪ್ಪತ್ತೆಂಟನೇ ತಾರೀಖಿನವರೆಗೆ ಟೈಮು ಇದೆ. ಅದನ್ನ ಮೊದ್ಲು ಕಿತ್ತುಹಾಕಿ" ಅಂದರು. ನೀವು ಹೇಳಿದಂತೆಯೇ ಮಾಡಿದೆವು, ಒಂದಕ್ಷರ ಆಚೀಚೆ ಇಲ್ಲದೆ. ಮೊನ್ನೆ ಗಾಜು, ಪ್ಲಾಸ್ಟಿಕ್ ಎರಡನ್ನೂ ಅಕ್ಕಪಕ್ಕ ಇಟ್ಟು ಎಣಿಸಿದೆವು. ವ್ಯತ್ಯಾಸವಿಲ್ಲ. ಎಂದಾ ಮೂರು ಸಲ ಎಣಿಸಲು ಹೇಳಿದಳು. ವೈರಸ್ ಹಾಕುವ ಬಾಟಲಿಗಳು ಸದ್ಯಕ್ಕೆ ಪ್ಲಾಸ್ಟಿಕ್ಕಿನವೇ ಇರಲಿ ಅಂದರು ನಿರ್ದೇಶಕರು. ಉಳಿದದ್ದೆಲ್ಲಾ ಗಾಜು. ಮೂರು ಹಳದಿ ಚೀಲ ಈಗ ಒಂದೂವರೆಯಾಗಿದೆ. ವಿನಾರ್ತಿ, ಎಂದಾ ಇಬ್ಬರ ಕೆಲಸವೂ ಖಾಯಂ.

ತೊಳೆಯುವ ಕ್ರಮವನ್ನು ದೊಡ್ಡದಾಗಿ ಬರೆಸಿ ಹಾಕಬೇಕು. ಮೇಲೆ ನಿಮ್ಮ ಹೆಸರು ಬೇಕು ಅಂತ ಅವರಿಬ್ಬರೂ ಹಟ ಹಿಡಿದಿದ್ದಾರೆ. ನೀವು ಒಪ್ಪಿದರೆ ಮಾತ್ರ.

ಧನ್ಯವಾದ ಅನ್ನುವುದಿಲ್ಲ. ನಿಮ್ಮಿಂದ ನನಗೆ ಎಷ್ಟು ಸಿಕ್ಕಿದೆ ಅಂತ ನೀವೇ ತಿಳಿದುಕೊಳ್ಳಿ.

ನಿಮ್ಮ ಮಗಳು,
ಪಲುಪಿ


ಕೆರೆಕ್
14 ಜೂನ್ 2025

ಮಗಳೇ ಪಲುಪಿ,

ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. ಸರ್ಮಿದಿ ಮೂರು ಸಲ ಬಂದು, "ಬು, ಕಾಗದ ಇಲ್ವಾ? ಆ ಡಾಕ್ಟರಮ್ಮ ವ್ಯಾನು ಬಂದ ಕೂಡ್ಲೇ ಬಂದು ನಿಂತ್ಕೋತಾರೆ" ಅಂದ. ಮೂರು ಸಲವೂ ಇಲ್ಲ ಅಂದೆ. ಸಿಟ್ಟಿತ್ತು. ನಿನ್ನ ಮೇಲಲ್ಲ. ಬರೀ ಹದಿನೆಂಟು ದಿನ. ಹದಿನೆಂಟು ದಿನ ತಡೆದಿದ್ದರೆ ನಾನು ಆ ತೊಟ್ಟಿಯ ಮುಂದೆಯೇ ಇರುತ್ತಿದ್ದೆ. ಗೊತ್ತಾದ ಮೇಲಾದರೂ ಒಂದು ಕಾರ್ಡು ಬರೆದಿದ್ದರೆ, ಇಷ್ಟು ವರ್ಷ ನನ್ನ ಕೈಯನ್ನು ನಾನೇ ಅನುಮಾನಿಸಿಕೊಂಡು ಬದುಕುವುದು ತಪ್ಪುತ್ತಿತ್ತು. ಗಂಡ ಸಾಯುವ ಮೊದಲು ಕೇಳಿದ್ದ, "ಅಲ್ಲಿ ಏನಾಯ್ತೇ ನಿಂಗೆ?" ಅಂತ. ವಯಸ್ಸಾಯಿತು ಅಂತ ಕಳಿಸಿದರು ಅಂದಿದ್ದೆ. ನನಗಾಗ ನಲವತ್ತೇಳು.

ಪ್ರೊಫೆಸರರ ನಾಲ್ಕು ಸಾಲು ಓದಿದೆ. ಮೊದಲ ಮೂರರಲ್ಲಿ ಮತ್ತೆ ಧನ್ಯವಾದ. ಪಾಪ, ಅವರಿಗೆ ಬೇರೆ ಭಾಷೆ ಬರುವುದಿಲ್ಲ. ನಾಲ್ಕನೆಯದು, "ತಪ್ಪು ನಿಮ್ಮದಾಗಿರಲಿಲ್ಲ, ತಿಳಿದೂ ಹೇಳದೆ ಉಳಿದ ತಪ್ಪು ನನ್ನದು." ಆ ಒಂದು ಸಾಲಿಗೆ ಉತ್ತರ ಬರೆದಿದ್ದೇನೆ, ತಲುಪಿಸು. ಕ್ಷಮಿಸಿದ್ದೇನೆ ಅಂತ ಬರೆದಿದ್ದೇನೆ. ಬರೆಯುವಾಗ ಪೂರ್ತಿ ನಿಜವಾಗಿರಲಿಲ್ಲ, ಈಗ ಸುಮಾರಾಗಿ ನಿಜ.

ಹೆಸರು ಹಾಕಿಸು. ಅಕ್ಷರ ತಪ್ಪಿಲ್ಲದೆ ಬರೆಸು.

ನಿನಗೆ ಏನು ಹೇಳಲಿ? ಧನ್ಯವಾದ ಅನ್ನುವ ಮಾತನ್ನು ನಾನೇ ಬೇಡ ಅಂದು ನಿನ್ನ ಬಾಯಿ ಕಟ್ಟಿದ್ದೆ, ಈಗ ನನ್ನ ಬಾಯಿಯೇ ಕಟ್ಟಿಹೋಗಿದೆ. ನೀನು ಪುಸ್ತಕ ತೆಗೆದು ನೋಡಿದೆ. ಗುರುವಿನ ಎದುರು ನಿಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರು ಮಾಡದ್ದನ್ನು ಮಾಡಿದೆ. ಐದು ಹೊತ್ತಿನ ನಮಾಜಿನಲ್ಲೂ ನಿನ್ನ ಹೆಸರಿದೆ.

ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಬೀದಿಯ ಹೆಂಗಸರೆಲ್ಲ ಅಡುಗೆಗೆ ಹೋಗುತ್ತೇವೆ. ಇಪ್ಪತ್ತೊಂದು ವರ್ಷದಿಂದ ನಾನು ಹೋದಲ್ಲೆಲ್ಲಾ ಈರುಳ್ಳಿ ಹೆಚ್ಚುವ ಕಡೆಗೇ ಕೂತಿದ್ದೇನೆ. ಬೇರೆಯವರು ಕುಡಿಯುವ ಲೋಟ ತೊಳೆದಿಲ್ಲ, ತೊಳೆಯಲು ಕೈ ಬರುತ್ತಿರಲಿಲ್ಲ. ಕೇಳಿದವರಿಗೆ ಸೊಂಟನೋವು ಅನ್ನುತ್ತಿದ್ದೆ. ನಿನ್ನೆ ಪಕ್ಕದ ಮನೆಯ ಮಗಳ ಮದುವೆ.

"ಬು ಸುಮಾರ್ನಿ, ಈರುಳ್ಳಿ ಈ ಕಡೆ ಇದೆ" ಅಂದರು.

"ಈರುಳ್ಳಿ ಯಾರಾದ್ರೂ ಹೆಚ್ಕೊಳ್ಳಿ. ಲೋಟ ನಂಗೆ ಕೊಡಿ" ಅಂದೆ.

ಬಾವಿಯ ಹತ್ತಿರ ಕೂತು ಇನ್ನೂರ ಎಂಬತ್ತು ಲೋಟ ತೊಳೆದೆ. ಊರಿನವರೆಲ್ಲ ಅವುಗಳಲ್ಲೇ ಚಹಾ ಕುಡಿದರು. ಎಲ್ಲರೂ ಚೆನ್ನಾಗಿದ್ದಾರೆ.

ಸುಮಾರ್ನಿ